ಮಕ್ಕಳು ಸಾಫ್ಟ್‌ಬಾಲ್ ಬಿಡದಂತೆ ಆಡಿಸುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಮೈದಾನಗಳಿಗೆ ಒಂದು ಮಾರ್ಗದರ್ಶಿ

ಜೂನ್‌ನಲ್ಲಿ ಹುರುಪಿನಿಂದ ಹೆಸರು ಕೊಟ್ಟ ಮಕ್ಕಳಲ್ಲಿ ಅರ್ಧಕ್ಕರ್ಧ ದಸರಾ ರಜೆ ಮುಗಿಯುವಷ್ಟರಲ್ಲಿ ಕಾಣೆಯಾಗುತ್ತಾರೆ. ಮೊಬೈಲ್ ಬಂತು, ಕ್ರಿಕೆಟ್ ಎಳೆದುಕೊಂಡಿತು, ಟ್ಯೂಷನ್ ಜಾಸ್ತಿ ಆಯಿತು ಎಂದು ನಾವು ಕಾರಣ ಹೇಳುತ್ತೇವೆ. ಒಂದು ಸಂಜೆ ಮೈದಾನದ ಬದಿಯಲ್ಲಿ ನಿಂತು ಗಡಿಯಾರ ನೋಡಿ. ಹದಿನಾರು ಮಕ್ಕಳು ಸಾಲು ನಿಂತಿದ್ದಾರೆ, ಒಬ್ಬರು ಬ್ಯಾಟ್ ಹಿಡಿದಿದ್ದಾರೆ. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರೂ ಸರದಿ ಒಂದು ಸುತ್ತು ಬರಲು 48 ನಿಮಿಷ ಬೇಕು. ಅಂದರೆ ಒಂದು ಗಂಟೆಯ ಅಭ್ಯಾಸದಲ್ಲಿ ಮಗುವಿನ ಕೈಗೆ ಬ್ಯಾಟ್ ಸಿಗುವುದು ಮೂರೇ ನಿಮಿಷ. ಉಳಿದ ಹೊತ್ತೆಲ್ಲ ಬಿಸಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದೇ ಕೆಲಸ. ಮಕ್ಕಳು ಬಿಡುವುದು ಈ ನಿಲ್ಲುವ ಕೆಲಸವನ್ನು. ಎರಡನೇ ಕಾರಣ ಚೆಂಡಿನ ಭಯ. ಅದನ್ನು ಯಾವ ಮಗುವೂ ಬಾಯಿಬಿಟ್ಟು ಹೇಳುವುದಿಲ್ಲ; ಹೊಟ್ಟೆನೋವು ಎನ್ನುತ್ತದೆ, ಹೋಂವರ್ಕ್ ಇದೆ ಎನ್ನುತ್ತದೆ.

8ರಿಂದ 12 ವರ್ಷದ ಮಕ್ಕಳನ್ನು ಆಡಿಸುವ ಪಿ.ಟಿ. ಶಿಕ್ಷಕರು, ಹಿರಿಯ ಆಟಗಾರರು ಮತ್ತು ತಂದೆತಾಯಂದಿರಿಗಾಗಿ ಈ ಕ್ರಮವನ್ನು ಬರೆದಿದ್ದೇವೆ. ಹುರುಪು ತುಂಬಲು ಭಾಷಣ ಬೇಕಿಲ್ಲ, ಒಂದು ಗಂಟೆಯನ್ನು ಹೇಗೆ ಹಂಚುತ್ತೀರಿ ಎಂಬುದರಲ್ಲೇ ಅದು ಇದೆ.

ಮೊದಲು ನೆಲ

ನಮ್ಮ ಮೂರೂ ಜಿಲ್ಲೆಗಳಲ್ಲಿ ಎರಡು ಬಗೆಯ ನೆಲ ಸಿಗುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಬರುತ್ತದೆ. ಆ ಬಿರುಕಿನಲ್ಲಿ ಹಿಮ್ಮಡಿ ಸಿಕ್ಕಿ ಕಾಲು ಉಳುಕುವುದು ಒಂದು ಅಪಾಯ. ಅದಕ್ಕಿಂತ ದೊಡ್ಡದು, ಉರುಳಿ ಬರುವ ಚೆಂಡು ಬಿರುಕಿನ ಅಂಚಿಗೆ ತಗುಲಿ ಏಕಾಏಕಿ ಮುಖಕ್ಕೆ ಚಿಮ್ಮುವುದು. ಒಮ್ಮೆ ಹೀಗೆ ಪೆಟ್ಟು ತಿಂದ ಮಗು ಮುಂದೆ ತಿಂಗಳುಗಟ್ಟಲೆ ನೆಲದ ಚೆಂಡಿಗೆ ಬಗ್ಗುವುದಿಲ್ಲ. ಆದ್ದರಿಂದ ಆಯ್ಕೆ ಇದ್ದರೆ ಕೆಂಪು ಮಸಾರಿ ನೆಲವನ್ನೇ ಹಿಡಿಯಿರಿ. ಎರೆ ನೆಲವೇ ಗತಿ ಎಂದಾದರೆ ಬೇಸ್‌ಗಳ (ಓಡುವವರು ಮುಟ್ಟಬೇಕಾದ ಚೌಕದ ಮೂಲೆಗಳ) ನಡುವಿನ ಜಾಗಕ್ಕಾದರೂ ಒಂದು ಟ್ರ್ಯಾಕ್ಟರ್ ಮೊರಂ ಹಾಕಿಸಿ, ನೀರು ಹೊಡೆದು, ರೋಲರ್ ಎಳೆಸಿ.

ಆಟಕ್ಕೆ ಮುಂಚೆ ಎಲ್ಲರೂ ಒಂದು ಕೈ ಅಂತರದಲ್ಲಿ ಸಾಲಾಗಿ ನಿಂತು ಮೈದಾನವನ್ನು ಒಮ್ಮೆ ದಾಟಲಿ. ಕಲ್ಲು, ಗಾಜು, ಬಳ್ಳಾರಿ ಜಾಲಿಯ ಮುಳ್ಳು ಎಲ್ಲ ಎತ್ತಿ ಹಾಕಲಿ. ಆ ಮುಳ್ಳು ತೆಳು ಅಟ್ಟೆಯ ಕ್ಯಾನ್ವಾಸ್ ಶೂವನ್ನು ದಾಟಿ ಪಾದಕ್ಕೆ ಇಳಿಯುತ್ತದೆ. ಬ್ಯಾಟ್ ಬೀಸುವ ದಿಕ್ಕಿನಲ್ಲಿ ಜಾಲಿ ಪೊದೆ ಇರದಂತೆ ಹೋಮ್ ಪ್ಲೇಟಿನ (ಬ್ಯಾಟರ್ ನಿಂತು ಹೊಡೆಯುವ ಮೂಲೆಯ) ಜಾಗ ಆರಿಸಿಕೊಳ್ಳಿ. ಹೊಡೆದ ಚೆಂಡು ಪ್ರತಿಸಲ ಪೊದೆಗೆ ಹೋದರೆ ಆಟದ ಹೊತ್ತು ಹುಡುಕುವುದರಲ್ಲೇ ಕಳೆಯುತ್ತದೆ.

ಗೆರೆ ಎಳೆಯಲು ಸುಟ್ಟ ಸುಣ್ಣ ಬೇಡವೇ ಬೇಡ. ಬೆವರಿನ ತೇವಕ್ಕೆ ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅನಾಹುತ. ರಂಗೋಲಿ ಪುಡಿ ಸಾಕು.

ಚೌಕ ಹಾಕಲು ಅಳತೆಪಟ್ಟಿ ಮತ್ತು ಒಂದು ಹಗ್ಗ ಇದ್ದರೆ ಹತ್ತು ನಿಮಿಷದ ಕೆಲಸ. ನಿಯಮದ ಪ್ರಕಾರ ಬೇಸ್‌ನಿಂದ ಬೇಸ್‌ಗೆ 60 ಅಡಿ, ಅಂದರೆ 18.29 ಮೀಟರ್. ಹತ್ತು ವರ್ಷದೊಳಗಿನವರಿಗೆ 15 ಮೀಟರ್ ಇಡಿ. ಓಟ ಚಿಕ್ಕದಾದಷ್ಟು ಮಗು ಬೇಸ್ ಮುಟ್ಟುವ ಸಾಧ್ಯತೆ ಹೆಚ್ಚು. ಹೋಮ್ ಪ್ಲೇಟಿನಲ್ಲಿ ಒಂದು ಮೊಳೆ ಹೊಡೆದು, ಅಲ್ಲಿಂದ ನೇರಕ್ಕೆ 21.21 ಮೀಟರ್ ಅಳೆದು ಎರಡನೇ ಮೊಳೆ ಹೊಡೆಯಿರಿ, ಅದೇ ಸೆಕೆಂಡ್ ಬೇಸ್. 30 ಮೀಟರ್ ಹಗ್ಗದ ಸರಿ ಮಧ್ಯೆ ಒಂದು ಗಂಟು ಹಾಕಿ, ಎರಡು ತುದಿಗಳನ್ನು ಎರಡು ಮೊಳೆಗಳಿಗೆ ಕಟ್ಟಿ. ಗಂಟು ಹಿಡಿದು ಬಲಕ್ಕೆ ಬಿಗಿಯಾಗಿ ಎಳೆದರೆ ಗಂಟು ನಿಂತ ಜಾಗ ಫಸ್ಟ್ ಬೇಸ್, ಎಡಕ್ಕೆ ಎಳೆದರೆ ಥರ್ಡ್ ಬೇಸ್. ದೊಡ್ಡ ಚೌಕಕ್ಕೆ ಕರ್ಣ 25.86 ಮೀಟರ್, ಹಗ್ಗ 36.58 ಮೀಟರ್. ಹಗ್ಗವನ್ನು ಮಕ್ಕಳ ಕೈಗೇ ಕೊಡಿ, ತಾವೇ ಹಾಕಿದ ಮೈದಾನವನ್ನು ಅವರು ತಮ್ಮದೆಂದು ಕಾಯುತ್ತಾರೆ.

ಬೇಸ್‌ಗೆ 38 ಸೆಂಟಿಮೀಟರ್ ಚೌಕದ ಹಳೇ ರಬ್ಬರ್ ಮ್ಯಾಟ್ ಕತ್ತರಿಸಿಕೊಳ್ಳಿ. ಫ್ಲೆಕ್ಸ್ ಬ್ಯಾನರ್ ಜಾರುತ್ತದೆ, ಮರಳು ತುಂಬಿದ ಚೀಲ ಎಡವಿಸುತ್ತದೆ. ಫಸ್ಟ್ ಬೇಸ್‌ನಲ್ಲಿ ಮಾತ್ರ ಎರಡು ಮ್ಯಾಟ್ ಪಕ್ಕಪಕ್ಕ ಇರಲಿ. ಒಳಗಿನ ಬಿಳಿಯದು ಫೀಲ್ಡರ್‌ಗೆ, ಗೆರೆಯಾಚೆಯ ಕಿತ್ತಳೆ ಬಣ್ಣದ್ದು ಓಡಿ ಬರುವವರಿಗೆ. ಇಬ್ಬರು ಮಕ್ಕಳು ಡಿಕ್ಕಿ ಹೊಡೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಸಾಮಾನು: ಮಗುವಿನ ಮೈಗೆ ತಕ್ಕದ್ದು

12 ಇಂಚು ಸುತ್ತಳತೆಯ ಸಾಫ್ಟ್‌ಬಾಲ್ 178ರಿಂದ 198 ಗ್ರಾಂ ತೂಗುತ್ತದೆ. ಕ್ರಿಕೆಟ್‌ನ ಲೆದರ್ ಬಾಲ್ ತೂಕ 163 ಗ್ರಾಂ ದಾಟುವುದಿಲ್ಲ. ಅದಕ್ಕಿಂತ ಭಾರದ ಗಟ್ಟಿ ಚೆಂಡನ್ನು ಎಂಟು ವರ್ಷದ ಮಗುವಿನ ಮುಂದೆ ಮೊದಲ ದಿನವೇ ಎಸೆಯುವುದು ಸರಿಯಲ್ಲ. ಎರಡು ವಾರ ಟೆನಿಸ್ ಬಾಲ್, ಆಮೇಲೆ ಒಳಗೆ ಮೆದುವಾದ ಅಭ್ಯಾಸದ ಚೆಂಡು, ಅದಾದ ಮೇಲೆ 11 ಇಂಚಿನದು. 12 ಇಂಚಿನ ಚೆಂಡು ಹತ್ತು ವರ್ಷ ದಾಟಿದ ಮೇಲೆ.

ಬ್ಯಾಟ್ ವಿಷಯದಲ್ಲಿ ಆಗುವ ತಪ್ಪು ಒಂದೇ: ಹೈಸ್ಕೂಲ್ ತಂಡದ ಹಳೇ ಬ್ಯಾಟ್ ಚಿಕ್ಕವರ ಕೈಗೆ ಬರುತ್ತದೆ. ಪರೀಕ್ಷೆ ಸುಲಭ. ಮಗು ಒಂದೇ ಕೈಯಲ್ಲಿ ಬ್ಯಾಟಿನ ಹಿಡಿ ಹಿಡಿದು ಭುಜದ ಎತ್ತರಕ್ಕೆ ಪಕ್ಕಕ್ಕೆ ಚಾಚಲಿ. ಇಪ್ಪತ್ತು ಎಣಿಸುವಷ್ಟರಲ್ಲಿ ಕೈ ನಡುಗಿ ಇಳಿದರೆ ಆ ಬ್ಯಾಟ್ ಭಾರ. ಎಂಟೊಂಬತ್ತು ವರ್ಷದವರಿಗೆ 26ರಿಂದ 28 ಇಂಚು, ಹತ್ತು ದಾಟಿದವರಿಗೆ 28ರಿಂದ 31 ಇಂಚು ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೊಂದು ಮಾತು: ಅಲ್ಯೂಮಿನಿಯಂ ಬ್ಯಾಟನ್ನು ಬಿಸಿಲಲ್ಲಿ ಬಿಡಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಲೋಹ ಅಂಗೈ ಸುಡುತ್ತದೆ.

ಗ್ಲೌಸ್ ಹೊಸದಾಗಿದ್ದಾಗ ಹಲಗೆಯಂತೆ ಇರುತ್ತದೆ. ಮಗು ಎಷ್ಟೇ ಅದುಮಿದರೂ ಅದು ಮುಚ್ಚಿಕೊಳ್ಳುವುದಿಲ್ಲ, ಚೆಂಡು ತಗುಲಿ ಹೊರಬೀಳುತ್ತದೆ, ಮಗು "ನನಗ ಕ್ಯಾಚ್ ಬರಂಗಿಲ್ಲ" ಎಂದು ತೀರ್ಮಾನ ಮಾಡಿಕೊಂಡುಬಿಡುತ್ತದೆ. ದೋಷ ಮಗುವಿನದಲ್ಲ, ಚರ್ಮದ್ದು. ಒಂದು ವಾರ ದಿನಾ ಹತ್ತು ನಿಮಿಷ ಗ್ಲೌಸನ್ನು ಹೆಬ್ಬೆರಳು ಕಿರುಬೆರಳಿನ ಕಡೆಯಿಂದ ಮಡಚಿ ಬಿಚ್ಚಿ ನಾದಿ. ರಾತ್ರಿ ಒಳಗೊಂದು ಚೆಂಡಿಟ್ಟು ಹಳೇ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿಡಿ. ಎಣ್ಣೆ ಸುರಿದರೆ ಗ್ಲೌಸ್ ಭಾರವಾಗುತ್ತದೆ, ಧೂಳು ಹಿಡಿಯುತ್ತದೆ. ಎಡಗೈಯಲ್ಲಿ ಎಸೆಯುವ ಮಗುವಿಗೆ ಬಲಗೈಗೆ ಹಾಕುವ ಗ್ಲೌಸ್ ಬೇಕು. ತಂಡದಲ್ಲಿ ಅಂಥದ್ದು ಒಂದಾದರೂ ಇರಲಿ, ಇಲ್ಲದಿದ್ದರೆ ಎಡಚ ಮಗು ಮೊದಲ ವಾರದಲ್ಲೇ ಹಿಂದೆ ಬೀಳುತ್ತದೆ.

ಹೆಲ್ಮೆಟ್ ಇಲ್ಲದೆ ಬ್ಯಾಟಿಂಗ್ ಇಲ್ಲ, ಬೇಸ್ ಓಟವೂ ಇಲ್ಲ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೆ ಮಾಸ್ಕ್, ಎದೆಕವಚ, ಕಾಲಿನ ಪ್ಯಾಡ್ ಮೂರೂ ಬೇಕು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಬ್ಯಾಟಿಂಗ್ ಟೀ ಮಾಡಿಕೊಳ್ಳಿ

ಚೆಂಡನ್ನು ಕಂಬದ ಮೇಲಿಟ್ಟು ಹೊಡೆಯುವ ಸಾಧನ ಇದು. ಮಕ್ಕಳ ಸಾಫ್ಟ್‌ಬಾಲ್‌ಗೆ ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ, ಮತ್ತು ಹೊಲಕ್ಕೆ ನೀರು ಹಾಯಿಸುವ ಪೈಪಿನ ತುಂಡಿನಿಂದಲೇ ಆಗುತ್ತದೆ. 4 ಲೀಟರ್ ಪೇಂಟ್ ಡಬ್ಬಿಯ ಮಧ್ಯೆ 50 ಎಂ.ಎಂ. ಪಿ.ವಿ.ಸಿ. ಪೈಪಿನ ಒಂದೂವರೆ ಅಡಿ ತುಂಡನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಸಿಮೆಂಟ್ ಕಾಂಕ್ರೀಟ್ ತುಂಬಿ ಎರಡು ದಿನ ಬಿಡಿ. ಇದರೊಳಗೆ 40 ಎಂ.ಎಂ. ಪೈಪಿನ ಎರಡು ಅಡಿ ತುಂಡು ಇಳಿಯುತ್ತದೆ. ಎರಡಕ್ಕೂ ಅಡ್ಡ ತೂತು ಕೊರೆದು ಬೋಲ್ಟ್ ತೂರಿಸಿದರೆ ಎತ್ತರ ಏರಿಸಬಹುದು, ಇಳಿಸಬಹುದು. ಮೇಲ್ತುದಿಗೆ ಬೈಕಿನ ಹಳೇ ಟ್ಯೂಬನ್ನು ಎರಡು ಪದರ ತೊಡಿಸಿ, ಪೈಪಿನಿಂದ ಮೂರು ಇಂಚು ಮೇಲಕ್ಕೆ ಬರುವಂತೆ ಬಿಗಿದು ಕಟ್ಟಿ. ಚೆಂಡು ರಬ್ಬರಿನ ಮೇಲೆ ಕೂರಬೇಕು. ರಬ್ಬರ್ ಗಿಡ್ಡವಾದರೆ ಬ್ಯಾಟ್ ಪೈಪಿಗೇ ಬಡಿದು ಒಂದೇ ವಾರದಲ್ಲಿ ಪೈಪ್ ಸೀಳುತ್ತದೆ. ಚೆಂಡು ಮಗುವಿನ ಸೊಂಟದ ಎತ್ತರದಲ್ಲಿ, ಮುಂದಿನ ಪಾದದ ನೇರಕ್ಕೆ ಇರಲಿ.

ಇಂಥವು ನಾಲ್ಕು ಇದ್ದರೆ ನಾಲ್ವರು ಏಕಕಾಲಕ್ಕೆ ಹೊಡೆಯಬಹುದು. ಎಲ್ಲರೂ ಒಂದೇ ದಿಕ್ಕಿಗೆ ಹೊಡೆಯಲಿ, ಒಬ್ಬರಿಂದ ಒಬ್ಬರಿಗೆ ಐದು ಮೀಟರ್ ಅಂತರ ಇರಲಿ, ಎಲ್ಲರೂ ಹೊಡೆದಾದ ಮೇಲೆ ಸೀಟಿ ಊದಿದಾಗಲೇ ಚೆಂಡು ಆರಿಸಲು ಹೋಗಲಿ.

ಒಂದು ಗಂಟೆಯ ಹಂಚಿಕೆ

ಮೊದಲ ಹತ್ತು ನಿಮಿಷ ಲಗೋರಿ. ಎಲ್ಲರೂ ಬರಲಿ ಎಂದು ಕಾಯುವುದು ಬೇಡ, ನಾಲ್ವರು ಬಂದರೆ ಶುರು ಮಾಡಿ. ತಡವಾಗಿ ಬಂದವರು ನಡುವೆ ಸೇರಿಕೊಳ್ಳಲಿ. ಆಟ ನಡೆಯುತ್ತಿದೆ ಎಂದು ಗೊತ್ತಾದರೆ ಮಾರನೇ ದಿನ ಅವರೇ ಬೇಗ ಬರುತ್ತಾರೆ. ನಿಯಮದಲ್ಲಿ ಒಂದೇ ಬದಲಾವಣೆ: ಚೆಂಡಿನಿಂದ ಮೈಗೆ ಹೊಡೆಯುವಂತಿಲ್ಲ, ಚೆಂಡು ಹಿಡಿದ ಕೈಯಿಂದ ಮುಟ್ಟಬೇಕು ಅಥವಾ ಹತ್ತಿರದ ಜೊತೆಗಾರನಿಗೆ ಎಸೆದು ಮುಟ್ಟಿಸಬೇಕು. ಸಾಫ್ಟ್‌ಬಾಲ್‌ನ ಟ್ಯಾಗ್ (ಓಡುವವರನ್ನು ಚೆಂಡಿನಿಂದ ಮುಟ್ಟಿ ಔಟ್ ಮಾಡುವುದು) ಇದೇ, ಪಾಠ ಮಾಡದೆಯೇ ಬಂದುಬಿಡುತ್ತದೆ.

ಮುಂದಿನ 24 ನಿಮಿಷ ಮೂರು ಜಾಗಗಳಲ್ಲಿ ಎಂಟೆಂಟು ನಿಮಿಷದ ಕೆಲಸ. ಒಂದು ಕಡೆ ಟೀ ಮೇಲೆ ಹೊಡೆಯುವುದು, ಒಂದು ಕಡೆ ಹಿಡಿದು ಎಸೆಯುವುದು, ಇನ್ನೊಂದು ಕಡೆ ಬೇಸ್ ಓಟ. ಒಂದು ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಮಕ್ಕಳು ಬೇಡ. ಶಿಕ್ಷಕರು ಒಬ್ಬರೇ ಇದ್ದರೆ ಹೊಡೆಯುವ ಜಾಗದಲ್ಲೇ ನಿಲ್ಲಿ, ಬ್ಯಾಟ್ ಇರುವಲ್ಲಿ ದೊಡ್ಡವರು ಇರಬೇಕು. ಉಳಿದೆರಡು ಕಡೆ ಒಂಬತ್ತನೇ ತರಗತಿಯ ಅಕ್ಕ ಅಣ್ಣಂದಿರನ್ನು ನಿಲ್ಲಿಸಿ.

ಬೇಸ್ ಓಟಕ್ಕೆ ಒಂದು ಆಟ: ಅರ್ಧ ಮಕ್ಕಳು ಹೋಮ್‌ನಲ್ಲಿ, ಅರ್ಧ ಸೆಕೆಂಡ್ ಬೇಸ್‌ನಲ್ಲಿ. ಸೀಟಿಗೆ ಎರಡೂ ಕಡೆಯಿಂದ ಒಬ್ಬೊಬ್ಬರು ಒಂದು ಸುತ್ತು ಓಡಿ ಮುಂದಿನವರ ಕೈ ಮುಟ್ಟಬೇಕು. ಯಾವ ಗುಂಪು ಮೊದಲು ಮುಗಿಸುತ್ತದೋ ಅದು ಗೆದ್ದಂತೆ. ಮಕ್ಕಳು ಇದನ್ನು ಇನ್ನೊಮ್ಮೆ ಇನ್ನೊಮ್ಮೆ ಎಂದು ಕೇಳುತ್ತಾರೆ, ಕೊಡಿ.

ನಂತರದ ಇಪ್ಪತ್ತು ನಿಮಿಷ ಪಂದ್ಯ, ಆದರೆ ಒಂಬತ್ತೊಂಬತ್ತು ಜನರದ್ದಲ್ಲ. ಹನ್ನೆರಡು ಮಕ್ಕಳನ್ನು ನಾಲ್ಕು ನಾಲ್ಕರ ಮೂರು ತಂಡ ಮಾಡಿ. ಒಂದು ತಂಡ ಬ್ಯಾಟಿಂಗ್, ಎರಡು ತಂಡ ಫೀಲ್ಡಿಂಗ್. ನಾಲ್ವರೂ ಒಮ್ಮೆ ಹೊಡೆದಾದ ಮೇಲೆ, ಎಷ್ಟೇ ಔಟ್ ಆಗಿರಲಿ, ತಂಡ ಬದಲು. ಯಾರೂ ಕೂತು ಕಾಯುವುದಿಲ್ಲ. ಉಳಿದ ಐದಾರು ನಿಮಿಷ ಸಾಮಾನು ಎತ್ತಿಡಲು ಮತ್ತು ಮುಂದಿನ ದಿನದ ಒಂದು ಆಟವನ್ನು ಮಕ್ಕಳೇ ಆರಿಸಲು.

ಭಯ ಬಿಡಿಸುವುದು

ಚೆಂಡು ಬರುವಾಗ ಮುಖ ತಿರುಗಿಸುವ ಮಗುವಿಗೆ "ಹೆದರಬ್ಯಾಡ" ಎಂದರೆ ಏನೂ ಆಗುವುದಿಲ್ಲ. ಕೈ ಎಲ್ಲಿಡಬೇಕು ಎಂದು ಗೊತ್ತಾದರೆ ಭಯ ತಾನೇ ಕಡಿಮೆಯಾಗುತ್ತದೆ. ಸೊಂಟಕ್ಕಿಂತ ಮೇಲೆ ಬಂದರೆ ಬೆರಳು ಆಕಾಶಕ್ಕೆ, ಕೆಳಗೆ ಬಂದರೆ ಬೆರಳು ನೆಲಕ್ಕೆ. ಮೊದಲು ಗ್ಲೌಸ್ ಇಲ್ಲದೆ, ಮೂರು ಮೀಟರ್ ದೂರದಿಂದ, ಟೆನಿಸ್ ಬಾಲನ್ನು ಕೆಳಗೈಯಲ್ಲಿ ಎಸೆದು ಎರಡೂ ಕೈಯಲ್ಲಿ ಹಿಡಿಸಿ. ಹತ್ತರಲ್ಲಿ ಎಂಟು ಹಿಡಿದರೆ ಒಂದು ಹೆಜ್ಜೆ ಹಿಂದೆ. ಹತ್ತರಲ್ಲಿ ಐದು ಬಿಟ್ಟರೆ ಒಂದು ಹೆಜ್ಜೆ ಮುಂದೆ, ಅದರಲ್ಲಿ ಅವಮಾನ ಏನಿಲ್ಲ.

ಚೆಂಡಿನ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ 1, 2, 3, 4 ಎಂದು ಬರೆಯಿರಿ. ಹಿಡಿದ ಕೂಡಲೇ ಕಣ್ಣಿಗೆ ಕಂಡ ಅಂಕಿಯನ್ನು ಮಗು ಕೂಗಬೇಕು. ಅಂಕಿ ಓದಬೇಕಾದರೆ ಚೆಂಡು ಗ್ಲೌಸಿನೊಳಗೆ ಬರುವವರೆಗೂ ಕಣ್ಣು ಬಿಟ್ಟಿರಲೇಬೇಕು. ಬಿಟ್ಟ ಕ್ಯಾಚಿಗೂ ಮೆಚ್ಚುಗೆ ಇರಲಿ, ಆದರೆ ನಿಜವಾದ ಕಾರಣ ಹೇಳಿ: "ತಂಗಿ, ಈ ಸಲ ಕಣ್ಣು ಮುಚ್ಚಲಿಲ್ಲ ನೋಡು." ಸುಮ್ಮನೆ "ಸೂಪರ್, ಸೂಪರ್" ಎನ್ನುವುದನ್ನು ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಕ್ರಿಕೆಟ್ ಕೈ

ನಮ್ಮ ಮಕ್ಕಳೆಲ್ಲ ಗಲ್ಲಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬಂದವರು. ಕಣ್ಣು, ಎಸೆತ, ಧೈರ್ಯ ಎಲ್ಲ ಅಲ್ಲಿಂದಲೇ ಬಂದಿರುತ್ತದೆ, ಆದ್ದರಿಂದ ಕ್ರಿಕೆಟ್ಟನ್ನು ಬೈಯಬೇಡಿ. ಆದರೆ ನಾಲ್ಕು ಅಭ್ಯಾಸಗಳು ಇಲ್ಲಿ ಕೈಕೊಡುತ್ತವೆ.

ಒಂದು, ಹೊಡೆದು ನಿಂತು ನೋಡುವುದು. ಕ್ರಿಕೆಟ್‌ನಲ್ಲಿ ರನ್ ಓಡದೆ ಇರಬಹುದು. ಇಲ್ಲಿ ಚೆಂಡು ಗೆರೆಗಳ ಒಳಗೆ ಬಿದ್ದರೆ ಓಡಲೇಬೇಕು. ಎರಡು, ಹಿಂದಕ್ಕೆ ತಟ್ಟಿ ರನ್ ಕದಿಯುವುದು. ಇಲ್ಲಿ ಆಟದ ಜಾಗ ಮುಂದಿನ 90 ಡಿಗ್ರಿ ಮಾತ್ರ, ಆಚೆಗೆ ಹೋದದ್ದು ಫೌಲ್. ಮೂರು, ಬ್ಯಾಟ್ ಹಿಡಿದೇ ಓಡುವುದು, ಇಲ್ಲವೇ ಓಡುವ ಭರದಲ್ಲಿ ಹಿಂದಕ್ಕೆ ಬೀಸಾಡುವುದು. ಎರಡನೆಯದು ಕ್ಯಾಚರ್‌ಗೆ ಅಪಾಯ. ಫಸ್ಟ್ ಬೇಸ್ ದಾರಿಯಲ್ಲಿ ಗೆರೆಯ ಹೊರಗೆ, ಎರಡು ಹೆಜ್ಜೆ ದೂರದಲ್ಲಿ ಒಂದು ಹಳೇ ಟೈರ್ ಇಡಿ. ಬ್ಯಾಟ್ ಟೈರಿನೊಳಗೆ ಬಿದ್ದರಷ್ಟೇ ಆ ಓಟ ಲೆಕ್ಕಕ್ಕೆ. ಒಂದು ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ, ಆಮೇಲೆ ಟೈರ್ ತೆಗೆಯಿರಿ. ನಾಲ್ಕು, ನೆಟ್ಟಗಿನ ಬ್ಯಾಟ್. ಮೇಲಿಂದ ಕೆಳಕ್ಕೆ ಬೀಸಿದರೆ ಚೆಂಡಿನ ತಲೆಗೆ ತಗುಲಿ ಕಾಲಬಳಿಯೇ ಬೀಳುತ್ತದೆ. ಟೀ ಮೇಲೆ ಎದೆಮಟ್ಟದಲ್ಲಿ ಚೆಂಡಿಟ್ಟು ಮಟ್ಟಸವಾಗಿ ಬೀಸುವುದನ್ನು ರೂಢಿ ಮಾಡಿಸಿ.

ಪದೇ ಪದೇ ಸ್ಟ್ರೈಕ್ ಔಟ್ (ಮೂರು ಸಲ ಚೆಂಡು ತಪ್ಪಿ ಔಟ್) ಆಗುವ ಮಗುವನ್ನು ಪಕ್ಕದಿಂದ ನೋಡಿ. ಬಲಗೈ ಬ್ಯಾಟರ್ ತಗುಲಿಸಿದ ಚೆಂಡುಗಳೆಲ್ಲ ಫಸ್ಟ್ ಬೇಸ್ ಕಡೆಗೇ ಫೌಲ್ ಹೋಗುತ್ತಿದ್ದರೆ ಬೀಸು ತಡವಾಗುತ್ತಿದೆ ಎಂದರ್ಥ. ಬ್ಯಾಟ್ ಭಾರವಿರಬಹುದು, ಮೊದಲು ಅದನ್ನು ಬದಲಿಸಿ. ಮುಂದಿನ ಕಾಲು ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಕಡೆ ಹೋಗುವ ಬದಲು ಥರ್ಡ್ ಬೇಸ್ ಕಡೆ ಸರಿಯುತ್ತಿದ್ದರೆ ಅದು ಭಯ. ಪಿಚರ್ ಕಡೆಗೆ ಒಂದು ರಂಗೋಲಿ ಗೆರೆ ಎಳೆದು, ಅದರ ಮೇಲೇ ಹೆಜ್ಜೆ ಇಡುವಂತೆ ಟೆನಿಸ್ ಬಾಲ್‌ನಲ್ಲಿ ಆಡಿಸಿ. ಆ ದಿನದ ಕೊನೆಯ ಐದು ಹೊಡೆತ ಮಾತ್ರ ಟೀ ಮೇಲೆಯೇ ಇರಲಿ. ಚೆಂಡಿಗೆ ಬ್ಯಾಟ್ ತಗುಲಿದ ಸದ್ದು ಕೇಳಿ ಮನೆಗೆ ಹೋಗಲಿ.

ಪಿಚಿಂಗ್: ಪಂದ್ಯ ಸತ್ತುಹೋಗುವ ಜಾಗ

ಚಿಕ್ಕವರ ಪಂದ್ಯದಲ್ಲಿ ಪಿಚರ್ ಎಸೆದದ್ದೆಲ್ಲ ಬಾಲ್ (ಹೊಡೆಯುವ ಅಳತೆಗೆ ಬಾರದ ಎಸೆತ), ನಾಲ್ಕು ಬಾಲ್‌ಗೆ ಒಂದು ವಾಕ್ (ಹೊಡೆಯದೆಯೇ ಫಸ್ಟ್ ಬೇಸ್‌ಗೆ ಹೋಗುವುದು), ವಾಕ್ ಮೇಲೆ ವಾಕ್. ಫೀಲ್ಡಿಂಗ್ ಮಕ್ಕಳು ನೆಲ ಕೆರೆಯುತ್ತಾ ಕೂರುತ್ತಾರೆ. ಪಿಚಿಂಗ್ ಮಾಡುವ ಮಗು ಅಳುವ ಹಂತಕ್ಕೆ ಬರುತ್ತದೆ. ಒಂಬತ್ತು ವರ್ಷದವರೆಗೆ ಟೀ ಅಥವಾ ಶಿಕ್ಷಕರ ಎಸೆತವೇ ಇರಲಿ. ಹತ್ತು ವರ್ಷದವರಿಗೆ ನಡುದಾರಿ: ಮಗು 10.67 ಮೀಟರ್‌ನಿಂದ ಎಸೆಯಲಿ, ನಾಲ್ಕು ಬಾಲ್ ಆದರೆ ವಾಕ್ ಕೊಡದೆ ಶಿಕ್ಷಕರು ಬಂದು ಮೂರು ಎಸೆತ ಹಾಕಲಿ. ಹನ್ನೆರಡರ ಹೊತ್ತಿಗೆ ದೂರ 12.19 ಮೀಟರ್. ದೊಡ್ಡ ಮಹಿಳೆಯರ ಆಟದಲ್ಲಿ ಅದು 13.11 ಮೀಟರ್, ಗಂಟೆಗೆ 100 ಕಿ.ಮೀ. ವೇಗದ ಚೆಂಡು ಅಷ್ಟು ದೂರವನ್ನು ಅರ್ಧ ಸೆಕೆಂಡಿನೊಳಗೆ ದಾಟುತ್ತದೆ. ಅಂಥ ಪಂದ್ಯದ ವಿಡಿಯೊ ಒಂದನ್ನು ಮಕ್ಕಳಿಗೆ ತೋರಿಸಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳುತ್ತಿದೆ ಎಂಬುದನ್ನೂ ಹೇಳಿ.

ಸಾಫ್ಟ್‌ಬಾಲ್ ಪಿಚಿಂಗ್‌ನ ಕೆಳಗೈ ಎಸೆತದಿಂದ ಭುಜಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ ತಪ್ಪು. ಚೆನ್ನಾಗಿ ಎಸೆಯುವ ಒಬ್ಬ ಹುಡುಗಿ ಸಿಕ್ಕರೆ ಅವಳೊಬ್ಬಳಿಂದಲೇ ಎಲ್ಲ ಪಂದ್ಯ ಎಸೆಸುತ್ತೇವೆ, ಹದಿಮೂರಕ್ಕೆ ಅವಳ ಭುಜ ನೋಯಲು ಶುರುವಾಗುತ್ತದೆ. ದಿನಕ್ಕೆ 50 ಎಸೆತ ದಾಟಿಸಬೇಡಿ, ಸತತ ಎರಡು ದಿನದ ಮೇಲೆ ಒಂದು ದಿನ ಬಿಡುವು ಕೊಡಿ. ತಂಡದಲ್ಲಿ ಕನಿಷ್ಠ ನಾಲ್ವರು ಪಿಚಿಂಗ್ ಕಲಿಯಲಿ.

ಜಾಗ ಬದಲಿಸುವ ವಿಷಯವೂ ಹೀಗೆಯೇ. ಮೆತ್ತಗಿನ ಮಗುವನ್ನು ಪ್ರತಿ ಪಂದ್ಯ ರೈಟ್ ಫೀಲ್ಡ್‌ಗೆ (ಫಸ್ಟ್ ಬೇಸ್ ಹಿಂದಿನ ದೂರದ ಜಾಗಕ್ಕೆ) ಕಳಿಸಿದರೆ ಅದಕ್ಕೆ ಚೆಂಡೇ ಸಿಗುವುದಿಲ್ಲ, ತನ್ನನ್ನು ಬದಿಗಿಟ್ಟಿದ್ದಾರೆ ಎಂದು ಅದಕ್ಕೆ ಅರ್ಥವಾಗುತ್ತದೆ. ಪ್ರತಿ ಇನ್ನಿಂಗ್ಸ್‌ಗೆ ಜಾಗ ಬದಲಿಸುವ ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದಿಡಿ. ಕ್ಯಾಚರ್ ಸಾಮಾನು ತೊಟ್ಟು ನಮ್ಮ ಬಿಸಿಲಲ್ಲಿ ಒಂದು ಇನ್ನಿಂಗ್ಸ್ ಸಾಕು.

ಬಿಸಿಲು, ನೀರು

ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ಬೆಳಿಗ್ಗೆ 6.15ರಿಂದ 7.15, ಇಲ್ಲವೇ ಸಂಜೆ ಐದೂವರೆಯ ನಂತರ. ರಾಯಚೂರಿನ ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲಿಗೆ ಮಕ್ಕಳನ್ನು ಇಳಿಸುವುದು ತರಬೇತಿಯಲ್ಲ. ಬಾಯಾರಿಕೆ ಆಗಲಿ ಎಂದು ಕಾಯದೆ, ಹದಿನೈದು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರಿಗೂ ಒಂದು ಲೋಟ ನೀರು. ಕೊನೆಗೆ ಉಪ್ಪು ಹಾಕಿದ ತೆಳು ಮಜ್ಜಿಗೆ, ಒಂದು ಶೇಂಗಾ ಉಂಡಿ. ತಲೆಸುತ್ತು, ವಾಂತಿ, ತೊದಲು ಮಾತು ಕಂಡರೆ ಆಟ ಅಲ್ಲಿಗೇ ನಿಲ್ಲಲಿ. ಬೇವಿನ ನೆರಳಿಗೆ ಕರೆದೊಯ್ದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿ. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕದೆ ಕೂಡಲೇ ಆಸ್ಪತ್ರೆಗೆ.

ಮನೆಯವರು, ಹೆಣ್ಣುಮಕ್ಕಳು, ಜಾತ್ರೆ

ಬದಿಯಲ್ಲಿ ನಿಂತು "ಹೊಡಿಯೋ ಲೇ ತಮ್ಮಾ, ಯಾಕ ನೋಡಕೋತ ನಿಂತಿ!" ಎಂದು ಕೂಗುವ ಅಪ್ಪನಿಗೆ ಸ್ಕೋರ್ ಪುಸ್ತಕ ಕೊಡಿ. ಬರೆಯುವ ಕೈ ಇದ್ದರೆ ಬಾಯಿ ಕಡಿಮೆಯಾಗುತ್ತದೆ, ಆಟವೂ ಅರ್ಥವಾಗುತ್ತದೆ. ಮನೆಗೆ ಹೋದಾಗ "ಗೆದ್ರೇನು?" ಎಂಬ ಪ್ರಶ್ನೆಗಿಂತ ಮೊದಲು "ಇವತ್ತ ಏನ್ ಚಲೋ ಅನಿಸ್ತು?" ಎಂದು ಕೇಳಲು ಹೇಳಿ.

ಹೆಣ್ಣುಮಕ್ಕಳು ಹನ್ನೆರಡು ಹದಿಮೂರರಲ್ಲಿ ಬಿಡುತ್ತಾರೆ, ಕಾರಣ ಹೆಚ್ಚಾಗಿ ಆಟದ್ದಲ್ಲ. ಕತ್ತಲಾಗುವ ಮುಂಚೆ ಅಭ್ಯಾಸ ಮುಗಿಯಲಿ, ಒಂದೇ ಓಣಿಯವರು ಜೊತೆಯಾಗಿ ಹೋಗಲಿ. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಕಿಟ್ ಬ್ಯಾಗಿನಲ್ಲಿ ಸ್ಯಾನಿಟರಿ ಪ್ಯಾಡ್, ಮಾತಾಡಲು ಒಬ್ಬ ಟೀಚರ್ ಅಥವಾ ಹಿರಿಯ ಅಕ್ಕ ಇರಲಿ. ಮುಟ್ಟಿನ ದಿನ ಆಡುವುದು ಬಿಡುವುದು ಮಗುವಿನ ಇಷ್ಟ, ಕಾರಣ ಕೇಳಬೇಡಿ. ಮೊದಲ ವಾರವೇ ತಾಯಂದಿರನ್ನು ಮೈದಾನಕ್ಕೆ ಕರೆದು ಇದನ್ನೆಲ್ಲ ತೋರಿಸಿ.

ಹತ್ತಿ ಬಿಡಿಸುವ ಕಾಲದಲ್ಲಿ, ಮೊಹರಂ ದಿನಗಳಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯ ವಾರದಲ್ಲಿ ಹಾಜರಿ ಬಿದ್ದುಹೋಗುತ್ತದೆ. ಅದಕ್ಕೆ ಸುತ್ತು ಓಡಿಸುವ ಶಿಕ್ಷೆ ಕೊಟ್ಟರೆ ಬಿಟ್ಟ ಮಗು ಮತ್ತೆ ಬರುವುದೇ ಇಲ್ಲ. ಬಂದ ದಿನ ಟೀ ಜಾಗದಿಂದ ಶುರು ಮಾಡಿಸಿ.

ಪ್ರತಿ ಮಗುವಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇರಲಿ. ತಿಂಗಳಿಗೊಮ್ಮೆ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಹೋಮ್‌ನಿಂದ ಫಸ್ಟ್ ಬೇಸ್‌ವರೆಗಿನ ಓಟ, ಹತ್ತರಲ್ಲಿ ಹಿಡಿದ ಕ್ಯಾಚ್, ಟೀ ಮೇಲೆ ಹತ್ತರಲ್ಲಿ ಗೆರೆಯೊಳಗೆ ಹೊಡೆದದ್ದು, ಈ ಮೂರನ್ನೇ ಬರೆಯಿರಿ. ಗೋಡೆಗೆ ಅಂಟಿಸಿ ರ‍್ಯಾಂಕ್ ಕೊಡಬೇಡಿ. ಮಗು ತನ್ನ ಹಿಂದಿನ ತಿಂಗಳ ಅಂಕಿಯನ್ನು ತಾನೇ ಓದಿ, ಹೊಸದನ್ನು ತಾನೇ ಪಕ್ಕದಲ್ಲಿ ಬರೆಯಲಿ. ಎರಡು ತಿಂಗಳು ಒಂದೇ ಅಂಕಿ ನಿಂತಿದ್ದರೆ ಆ ಮಗುವಿನ ಬ್ಯಾಟ್ ಮತ್ತು ಗ್ಲೌಸನ್ನು ಮೊದಲು ನೋಡಿ, ಆಮೇಲೆ ಅದು ಯಾವ ಗುಂಪಿನಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದೆ ಎಂದು ಗಡಿಯಾರ ಹಿಡಿದು ನೋಡಿ.